ಮೈಲುತುತ್ತ ಹೊಡೆಯುವವನ ಕಣ್ಣಿಗೆ ಯಾರು ಹೊಣೆ?

ಶಿವನಸಮುದ್ರ: ಮಳೆ ಹಿಡಿಯಿತೆಂದರೆ ಅಡಿಕೆ ತೋಟದವರಿಗೆ ಮೈಲುತುತ್ತ ಬೇಕೇ ಬೇಕು. ನೀಲಿ ಹರಳು, ನೋಡೋಕೆ ಕಲ್ಲುಸಕ್ಕರೆ ಹಂಗೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬೋರ್ಡೋ ದ್ರಾವಣ ತಯಾರು. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಮದ್ದು ಇದು. ಮೈಸೂರು ಸೀಮೆಯ ಅಡಿಕೆ ಕೊಳೆರೋಗಕ್ಕೆ 1910ರ ಸುಮಾರಿಗೆ ಇದನ್ನು ಹಚ್ಚಿದವರು ಕೋಲ್ಮನ್ ಸಾಹೇಬರು. ಮಂಡ್ಯದ ಸಕ್ಕರೆ ಕಾರ್ಖಾನೆಗೆ ದುಡಿದ ಅದೇ ಕೋಲ್ಮನ್. ಮದ್ದು ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ.

ತಕರಾರು ಇರುವುದು ಕೂಲಿಯವನ ವಿಷಯದಲ್ಲಿ. ದ್ರಾವಣ ಕಲಸಿದ ಮೇಲೆ ಚಾಕು ಅದ್ದಿ ನೋಡುವುದು ವಾಡಿಕೆ. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಎಲೆ ಸುಟ್ಟೀತು ಅಂತ. ಎಲೆ ಮೇಲೆ ಇಷ್ಟು ಕಾಳಜಿ ಇರೋ ತೋಟದ ಯಜಮಾನರಿಗೆ ಆಳಿನ ಕಣ್ಣು ಯಾಕೆ ಕಾಣಲ್ಲ? ಮೈಲುತುತ್ತ ಕಣ್ಣಿಗೆ ಬಿದ್ದರೆ ಗಾಯ, ಚರ್ಮಕ್ಕೆ ತುರಿ, ಹೊಟ್ಟೆಗೆ ಹೋದರೆ ವಾಂತಿ, ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಜೊತೆಗಿರುವ ಸುಣ್ಣವೂ ಸುಡುವಂಥದ್ದೇ. ಪೋರ್ಚುಗಲ್ ದೇಶದಲ್ಲಿ ವರ್ಷಗಟ್ಟಲೆ ದ್ರಾಕ್ಷಿಗೆ ಇದೇ ದ್ರಾವಣ ಹೊಡೆದ ಕೂಲಿಗಳ ಶ್ವಾಸಕೋಶ ಕೆಟ್ಟಿದ್ದನ್ನು ವೈದ್ಯರು 1969ರಲ್ಲೇ ಬರೆದಿಟ್ಟಿದ್ದಾರೆ. ಇಲ್ಲಿ ಕೇಳಿದರೆ, "ಏನೂ ಆಗಾಕಿಲ್ಲ ಬುಡಿ ಸಾಮಿ" ಅಂತ ಟವೆಲ್ಲು ಮೂಗಿಗೆ ಸುತ್ತಿಕೊಂಡು ಪಂಪು ಹೊರುತ್ತಾರೆ. ತುಂತುರನ್ನು ಟವೆಲ್ಲು ತಡೆಯುತ್ತದೆಯೇ?

ಬೆಳೆಗೆ ಔಷಧಿ ಹೊಡೆಯುವವರಿಗೆ ಕೈಗವಸು, ಕನ್ನಡಕ, ಮುಖಕ್ಕೆ ರಕ್ಷಣೆ ಇರಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ಇದನ್ನು ಕೊಡಿಸಬೇಕಾದವನು ಕೂಲಿಯಲ್ಲ, ಕೆಲಸಕ್ಕೆ ಕರೆದ ಯಜಮಾನ. ಅಂಗಡಿಯವರದೂ ಪಾಲಿದೆ. ಮೈಲುತುತ್ತವನ್ನು ಬಿಡಿಯಾಗಿ ತೂಗಿ ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಟ್ಟರೆ ಎಚ್ಚರಿಕೆ ಚೀಟಿ ಅಂಗಡಿಯಲ್ಲೇ ಉಳಿಯಿತು. ಆ ಪೊಟ್ಟಣ ಬಸ್ಸಿನಲ್ಲಿ ಮಕ್ಕಳ ತಿಂಡಿ ಚೀಲದೊಳಗೇ ಊರು ಸೇರುವುದೂ ಉಂಟು. ಕಂಪನಿ ಪ್ಯಾಕೆಟ್ ಒಡೆಯದೆ ಕೊಡಲಿ, ಪಕ್ಕದಲ್ಲೇ ಕೈಗವಸೂ ಮಾರಲಿ. ಅವರಿಗೂ ನಾಲ್ಕು ಕಾಸು ಬಂತು.

ಕಣ್ಣಿಗೆ ಸಿಡಿದರೆ ಉಜ್ಜಬಾರದು. ಕಾಲು ಗಂಟೆ ಶುದ್ಧ ನೀರು ಹುಯ್ದು ಆಸ್ಪತ್ರೆಗೆ ಓಡಬೇಕು.

ಇನ್ನು ಪಂಪು ತೊಳೆಯುವುದು. ತೊಳೆದ ನೀರು ಹೊಳೆಗೆ ಬಿದ್ದರೆ ಮೀನಿಗೆ ವಿಷ. ಗಗನಚುಕ್ಕಿ, ಭರಚುಕ್ಕಿ ನೋಡೋಕೆ ಬಂದವರು ಇಳಿದು ಮುಖ ತೊಳೆಯುವ ನೀರೂ ಅದೇ. ಈ ಸಲ ಔಷಧಿ ಹೊಡೆಯುವ ಹೊತ್ತಿಗೆ ಕೃಷಿ ಇಲಾಖೆಯವರು ಕಚೇರಿ ಬಿಟ್ಟು ತೋಟದ ಬದುವಿಗೆ ಒಮ್ಮೆ ಬಂದು ಹೋಗಲಿ.