ಅನ್ನವನ್ನು ಹೊತ್ತ ಮಣ್ಣು

ಟೋಕಿಯೋ ಮಹಾನಗರದ ಉತ್ತರಕ್ಕೆ ತೋಚಿಗಿ ಪ್ರಾಂತದಲ್ಲಿರುವ ಮಾಶಿಕೊ ಎಂಬ ಊರಿಗೆ, ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಮಡಕೆಗಳ ಜಾತ್ರೆ ನಡೆಯುವಾಗ ಜನಸಾಗರವೇ ಹರಿದುಬಂದು, ಬಟ್ಟಲು ತಟ್ಟೆಗಳನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹಿಂದಿರುಗುತ್ತದೆ. ಹಾಗೆ ಕೊಂಡವುಗಳಲ್ಲಿ ಎಷ್ಟೋ ಪಾತ್ರೆಗಳು ಗಾಜಿನ ಕಪಾಟನ್ನು ಸೇರಿ, ಮತ್ತೆಂದೂ ಅನ್ನದ ಬಿಸಿಯನ್ನು ಕಾಣದೆ ಉಳಿಯುವುದು ನನಗೆ ವ್ಯಥೆಯ ಸಂಗತಿ. ಕುಂಬಾರರ ಊರನ್ನು ಅರಿಯಬಯಸುವವನು ಅಂಗಡಿಗಿಂತ ಮೊದಲು ಅಲ್ಲಿಯ ಊಟದ ಮನೆಗೆ ಹೋಗತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

1853ರ ಸುಮಾರಿಗೆ ಆರಂಭವಾದ ಇಲ್ಲಿಯ ಕುಂಬಾರಿಕೆ ಹುಟ್ಟಿದ್ದೇ ಅಡಿಗೆಮನೆಗಾಗಿ: ನೀರಿನ ಹರವಿ, ಉಪ್ಪಿನಕಾಯಿಯ ಜಾಡಿ, ಎಳ್ಳು ಅರೆಯಲು ಒಳಗೆಲ್ಲ ಗೀರುಗಳುಳ್ಳ ಬಟ್ಟಲು, ಚಹಾದ ಹೂಜಿ. 1924ರಲ್ಲಿ ಈ ಊರಿಗೆ ಬಂದು ಇಲ್ಲಿಯೇ ಬಾಳಿದ ಕುಂಬಾರ ಹಮಾದಾ ಶೋಜಿ, 1955ರಲ್ಲಿ ‘ಜೀವಂತ ರಾಷ್ಟ್ರನಿಧಿ’ ಎಂಬ ಗೌರವಕ್ಕೆ ಪಾತ್ರರಾದರೂ, ಹೆಸರಿಲ್ಲದ ಕುಂಬಾರನು ನಿತ್ಯೋಪಯೋಗಕ್ಕೆಂದು ಮಾಡಿದ ಪಾತ್ರೆಯಲ್ಲಿಯೇ ಸೌಂದರ್ಯದ ಮೂಲವನ್ನು ಕಂಡವರು.

ಇಲ್ಲಿಯ ಅನ್ನಕ್ಕೂ ಬಟ್ಟಲಿಗೂ ಇರುವ ಸಂಬಂಧವು ಬರಿಯ ಆಧಾರ ಆಧೇಯ ಸಂಬಂಧವಲ್ಲ. ಭತ್ತದ ಹೊಟ್ಟನ್ನು ಸುಟ್ಟ ಬೂದಿಯಿಂದಲೇ ಮಾಶಿಕೊದ ಹಾಲುಬಿಳುಪಿನ ಮೆರುಗು ಸಿದ್ಧವಾಗುವುದಾದಕಾರಣ, ಗದ್ದೆಯ ಅಕ್ಕಿ ಬಟ್ಟಲಿನ ಒಳಗೂ ಅದರ ಹೊಟ್ಟು ಬಟ್ಟಲಿನ ಮೈಮೇಲೂ ನೆಲೆಗೊಳ್ಳುತ್ತವೆ. ಮಾಗಿದ ಹಣ್ಣಿನ ಬಣ್ಣದ ಕಂದುಗೆಂಪು ಮೆರುಗಾದರೋ ನೆರೆಯಲ್ಲಿಯೇ ದೊರೆಯುವ ಕಲ್ಲಿನ ಪುಡಿಯಿಂದ ಆದದ್ದು. ಮಣ್ಣು ಮರಳುಮಿಶ್ರಿತವಾಗಿ ಒರಟಾಗಿರುವುದರಿಂದ ಗೋಡೆಯನ್ನು ದಪ್ಪವಾಗಿ ಎಬ್ಬಿಸಬೇಕಾಗುತ್ತದೆ, ಆ ದಪ್ಪವೇ ಊಟದ ಹೊತ್ತಿಗೆ ಉಪಕಾರಿಯಾಗುತ್ತದೆ. ಜಪಾನೀಯರು ಅನ್ನದ ಬಟ್ಟಲನ್ನು ಎಡಗೈಯಲ್ಲಿ ಎತ್ತಿಕೊಂಡು ಉಣ್ಣುವವರು. ಹೆಬ್ಬೆರಳು ಅಂಚಿನ ಮೇಲೆ, ಉಳಿದ ಬೆರಳುಗಳು ತಳದ ಬಳೆಯ ಕೆಳಗೆ; ಒಳಗೆ ಹಬೆಯಾಡುವ ಅನ್ನ, ಅಂಗೈಗೆ ಮಾತ್ರ ಹದವಾದ ಬೆಚ್ಚನೆ. ಈ ಅನುಭವವನ್ನು ಯಾವ ಪ್ರದರ್ಶನಾಲಯದ ಗಾಜೂ ಕೊಡಲಾರದು.

ನೆರೆಯ ಗುನ್ಮಾ ಪ್ರಾಂತದ ಯೋಕೊಕಾವಾ ನಿಲ್ದಾಣದ ದೃಷ್ಟಾಂತ ನನಗೆ ಬಲು ಪ್ರಿಯವಾದುದು. ಉಸುಯಿ ಘಟ್ಟವನ್ನೇರಲು ರೈಲಿಗೆ ಹೆಚ್ಚಿನ ಇಂಜಿನುಗಳನ್ನು ಜೋಡಿಸುತ್ತಿದ್ದಾಗ, ಕಾದು ಕುಳಿತ ಪ್ರಯಾಣಿಕರಿಗೆ 1958ರಿಂದ ಮಾಶಿಕೊದ ಪುಟ್ಟ ಗಡಿಗೆಯಲ್ಲಿಯೇ ಬಿಸಿಯೂಟ ಮಾರಲಾರಂಭಿಸಿದರು. ಸೋಯಾ ರಸದಲ್ಲಿ ಬೆಂದ ಅನ್ನ, ಅದರ ಮೇಲೆ ಕೋಳಿಮಾಂಸ, ಕಳಲೆ, ಅಣಬೆ, ಪುಟ್ಟದೊಂದು ಹಕ್ಕಿಮೊಟ್ಟೆ, ಜರದಾಳು. 1997ರಲ್ಲಿ ಘಟ್ಟದ ಹಳಿ ಮುಚ್ಚಿತು, ಊಟ ನಿಲ್ಲಲಿಲ್ಲ. ಗಡಿಗೆ ಭಾರವೆಂದು ಕಾಗದದ ತಿರುಳಿನ ಹಗುರವಾದ ಪಾತ್ರೆಯೂ ಈಗ ಬಂದಿದೆ. ಹೊರುವವನ ಕಷ್ಟವನ್ನು ನಾನು ಅಲ್ಲಗಳೆಯೆ. ಆದರೂ ಆ ಭಾರವನ್ನು ಊಟದ ಭಾಗವೆಂದೇ ಎಣಿಸುವ ನಾನು, ಮಾಶಿಕೊದ ಪ್ರತಿಯೊಂದು ಊಟದ ಮನೆಯೂ ಊರಿನ ಆವಿಗೆಯಲ್ಲಿ ಬೆಂದ ಪಾತ್ರೆಯಲ್ಲಿಯೇ ಬಡಿಸಲೆಂದು, ಅಂಚು ಮುಕ್ಕಾದರೂ ಹಿಂದೆಗೆಯದಿರಲೆಂದು ಹಾರೈಸುತ್ತೇನೆ. ಬರಿದಾದ ಆ ಗಡಿಗೆಯನ್ನು ಮನೆಗೊಯ್ದು ತೊಳೆದು, ಒಬ್ಬರಿಗೆ ಸಾಲುವಷ್ಟು ಅಕ್ಕಿಯನ್ನು ಅದರಲ್ಲಿಯೇ ಬೇಯಿಸಿಕೊಳ್ಳುವವರು ಜಪಾನಿನಲ್ಲಿ ಇಂದಿಗೂ ಇದ್ದಾರೆ.