ರಾತ್ರಿಯ ಹೊಣೆ ಯಾರದು?

ಮೃಗಶಾಲೆಯಲ್ಲಿ ಅಳಿವಿನಂಚಿನ ಪ್ರಾಣಿಯೊಂದು ಸತ್ತಾಗಲೆಲ್ಲ ಅದಕ್ಕೆ ವಯಸ್ಸಾಗಿತ್ತೆಂತಲೂ, ಹವೆ ಪ್ರತಿಕೂಲವಾಗಿತ್ತೆಂತಲೂ, ಕಾವಲಾಳು ಅಜಾಗರೂಕನಾಗಿದ್ದನೆಂತಲೂ ಸಮಾಧಾನಗಳು ಹೊರಬೀಳುವುವು. ಒಡೆತನವುಳ್ಳವರ ಹೆಸರು ಮಾತ್ರ ಎಲ್ಲಿಯೂ ಕಾಣದು. ಈ ಸಮಾಧಾನಗಳಿಗಿರುವ ಬೆಲೆಯನ್ನು ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದ ನಿದರ್ಶನವೊಂದರಿಂದಲೇ ಅರಿಯಬಹುದು.

ಥೈಲಸೀನ್ ಎಂಬುದು ಆ ದ್ವೀಪದಲ್ಲಿದ್ದ ಮೃಗ. ಮುಖವು ನಾಯಿಯದು, ಬೆನ್ನಿನ ಹಿಂಭಾಗದಲ್ಲಿ ಹುಲಿಯಂತೆ ಪಟ್ಟೆಗಳು, ಮರಿಯನ್ನು ಹೊರಲು ಕಾಂಗರೂವಿಗಿರುವಂತೆ ಹೊಟ್ಟೆಯಲ್ಲಿ ಚೀಲ. ಇದು ಕುರಿಗಳನ್ನು ಕೊಲ್ಲುವುದೆಂಬ ಆರೋಪದ ಮೇಲೆ ಅಲ್ಲಿಯ ಸರಕಾರವು 1888ರಿಂದ 1909ರವರೆಗೆ ಬೆಳೆದ ಮೃಗವೊಂದಕ್ಕೆ ಒಂದು ಪೌಂಡಿನಂತೆ ಬಹುಮಾನವಿತ್ತು ಕೊಲ್ಲಿಸಿತು. ಸಂದ ಬಹುಮಾನಗಳ ಲೆಕ್ಕ 2,184. ಕಾಡುಬಿದ್ದ ನಾಯಿಗಳು ಕೊಂದ ಕುರಿಗಳೂ ಇದರ ಖಾತೆಗೇ ಸೇರಿದುವೆಂಬುದು ಬೇರೆ ಮಾತು. ಕಡೆಗೆ ರಕ್ಷಣೆಯ ಆಜ್ಞೆ ಹೊರಟುದು 1936ನೆಯ ಜುಲೈ 10ರಂದು. ಅದರಿಂದ 59ನೆಯ ದಿನ, ಸೆಪ್ಟೆಂಬರ್ 7ರ ಸೋಮವಾರ ರಾತ್ರಿ, ಹೋಬಾರ್ಟ್ ನಗರದ ಮೃಗಶಾಲೆಯಲ್ಲಿದ್ದ ಒಂದು ಥೈಲಸೀನ್ ಅಸುನೀಗಿತು. ಆಮೇಲೆ ಆ ಜಾತಿಯ ಜೀವಂತ ಮೃಗವನ್ನು ನಿಸ್ಸಂದೇಹವಾಗಿ ಕಂಡವರಿಲ್ಲ.

ಮಲಗಲು ಅದಕ್ಕೆ ಗೂಡಿತ್ತು. ಗೂಡಿನ ಬಾಗಿಲು ಮುಚ್ಚಿತ್ತು. ಹೊರಗೆ ಕೊರೆಯುವ ಚಳಿಯಲ್ಲಿ ಅದು ಸತ್ತಿತೆಂಬುದು ಪ್ರಸಿದ್ಧವಾದ ವೃತ್ತಾಂತ. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ನಗರಸಭೆಯು ಮೃಗಶಾಲೆಯ ವೆಚ್ಚವನ್ನು ಮೊಟಕುಮಾಡುತ್ತಲಿತ್ತು. ಮೃಗಗಳ ಮರ್ಮವನ್ನು ಬಲ್ಲ ಕ್ಯುರೇಟರನು 1935ರಲ್ಲಿ ತೀರಿಕೊಂಡ ಬಳಿಕ ಅವನ ಮಗಳು ಸಂಬಳವಿಲ್ಲದೆಯೇ ಅವುಗಳ ಆರೈಕೆಯನ್ನು ನಡೆಸಿದಳು. ಆಕೆಯ ಕೈಯಿಂದಲೂ ಬೀಗದಕೈಗಳನ್ನು ತೆಗೆದುಕೊಂಡರು! ರಾತ್ರಿ ಮೃಗಗಳು ಕೂಗುವುದು ತನಗೆ ಕೇಳಿಸುತ್ತಿತ್ತೆಂದೂ ಒಳಹೋಗಲು ಉಪಾಯವಿರಲಿಲ್ಲವೆಂದೂ ಆಕೆ ಮುಂದೆ ಹೇಳಿರುವಳು.

ಅದು ಮುದಿಪ್ರಾಣಿಯಾಗಿದ್ದುದು ನಿಜ. ಆದರೆ ಮುದಿಹಸುವನ್ನು ಮಳೆಯಲ್ಲಿ ಕಟ್ಟಿ ಕೊಂದವನು ಅದರ ವಯಸ್ಸನ್ನು ತೋರಿಸಿ ಪಾರಾಗಬಲ್ಲನೆ? ಚಳಿಯೂ ಹೊಸತಲ್ಲ, ಕಾಡಿನಲ್ಲಿ ಅದೇ ಚಳಿಗೆ ಪೊದೆಯೋ ಪೊಟರೆಯೋ ಸಿಕ್ಕುತ್ತಿತ್ತು. ಇನ್ನು ಉಳಿದುದು ಕಾವಲಾಳು. ಬಡವನಾದುದರಿಂದ ದೂಷಿಸಲು ಅವನೇ ಸುಲಭ. ಆದರೆ ಮನುಸ್ಮೃತಿಯ ಎಂಟನೆಯ ಅಧ್ಯಾಯದ ಸ್ವಾಮಿಪಾಲವಿವಾದದಲ್ಲಿ ಇದು ಎಂದೋ ತೀರ್ಮಾನವಾದ ವ್ಯಾಜ್ಯ. ಹಗಲಿನ ಹೊಣೆ ಪಾಲಕನದು. ರಾತ್ರಿ ಪಶುವು ಒಡೆಯನ ಮನೆಯಲ್ಲಿದ್ದರೆ ಹೊಣೆ ಒಡೆಯನದು. ದನಕ್ಕೆ ಹೇಳಿದ್ದು ಕಾಡುಮೃಗಕ್ಕೆ ಸಲ್ಲದೆಂದು ತರ್ಕಿಸುವವರುಂಟು. ದನವಾದರೋ ಸಂಜೆ ತಾನಾಗಿಯೇ ಕೊಟ್ಟಿಗೆಗೆ ಬರುವುದು. ಇದನ್ನು ಉರುಳೊಡ್ಡಿ ಹಿಡಿದು, ಮಾರಿ, ಕೊಂಡು ತಂದರು. ಹಾಗಿರುವಲ್ಲಿ ಹೊಣೆ ಇಮ್ಮಡಿಯಾಗಬೇಕಲ್ಲದೆ ಇಲ್ಲವಾಗುವುದೆಂತು? ಆ ರಾತ್ರಿ ಬಾಗಿಲನ್ನು ತೆರೆಯದವನು ಯಾವನೇ ಆಗಲಿ, ಬೀಗವೂ ಬೀಗದಕೈಯೂ ನಗರಸಭೆಯವು.

ಸತ್ತ ಒಡಲನ್ನು ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿದರು. ಚರ್ಮವನ್ನು ಹದಮಾಡಿ, ಶಾಲೆಯ ಮಕ್ಕಳಿಗೆ ಪಾಠಹೇಳುವಾಗ ತೋರಿಸಲು ಕೊಂಡೊಯ್ಯುತ್ತಿದ್ದರು. ಅದು ಆ ಕಡೆಯ ಮೃಗದ ಚರ್ಮವೆಂದು ಯಾರೂ ಬರೆದಿಟ್ಟಿರಲಿಲ್ಲ. ಸಂಗ್ರಹಾಲಯದ ಬೀರುವಿನಲ್ಲಿದ್ದ ಅದರ ಗುರುತು ಸಿಕ್ಕಿದುದು 2022ರಲ್ಲಿ.