ಒಂಬತ್ತು ಮನೆಗಳ ಮಾಯಾಚೌಕ

೧ರಿಂದ ೯ರವರೆಗಿನ ಅಂಕಿಗಳನ್ನು ಒಂಬತ್ತು ಮನೆಗಳಲ್ಲಿ ಒಂದೊಂದರಂತೆ ಇರಿಸಬೇಕು. ಅಡ್ಡಸಾಲು, ಉದ್ದಸಾಲು, ಮೂಲೆಯಿಂದ ಮೂಲೆಗೆ ಹಾಯುವ ಕರ್ಣ, ಯಾವುದನ್ನು ಕೂಡಿದರೂ ಮೊತ್ತ ಒಂದೇ ಆಗಬೇಕು. ಬರೆದು, ಅಳಿಸಿ, ಕಾಗದ ಹರಿದ ಮೇಲೆ ಇದು ಅದೃಷ್ಟದ ಆಟವೆಂದು ಕೈಬಿಡುವವರೇ ಹಲವರು. ಅಂಕಿಗಳನ್ನು ಇರಿಸುವ ಬಗೆಗಳು ೩,೬೨,೮೮೦. ಸರಿಯಾದುವು ಎಂಟೇ ಎಂಟು! ಆ ಎಂಟಾದರೂ ಒಂದೇ ಚೌಕವನ್ನು ತಿರುಗಿಸಿದ, ಇಲ್ಲವೆ ಕನ್ನಡಿಯಲ್ಲಿ ಕಂಡ ರೂಪಗಳು. ಅದೃಷ್ಟವನ್ನೇ ನಂಬಿ ಕುಳಿತವನ ಪಾಡೇನು?

ತರ್ಕವನ್ನು ನಂಬಿದವನಿಗೆ ದಾರಿ ಹತ್ತಿರ. ಅಂಕಿಗಳ ಒಟ್ಟು ಮೊತ್ತ ೪೫, ಅಡ್ಡಸಾಲು ಮೂರು. ಆದುದರಿಂದ ಸಾಲಿಗೆ ೧೫. ಕರ್ಣಗಳೂ ಸೇರಿ ನಡುಮನೆಯ ಮೂಲಕ ಹಾಯುವ ಸಾಲುಗಳು ನಾಲ್ಕು. ಅವುಗಳ ಮೊತ್ತ ೬೦. ಈ ಎಣಿಕೆಯಲ್ಲಿ ಉಳಿದ ಮನೆಗಳು ಒಂದೊಂದು ಸಲ ಬಂದರೆ ನಡುಮನೆಯು ನಾಲ್ಕು ಸಲ ಬರುತ್ತದೆ. ೪೫ನ್ನು ಮೀರಿದ ೧೫ ನಡುವಿನ ಅಂಕಿಯ ಮೂರರಷ್ಟು. ಅಂದಮೇಲೆ ಅಲ್ಲಿಗೆ ಸಲ್ಲುವುದು ೫ ಒಂದೇ.

ಇನ್ನು ೯. ಅದರೊಡನೆ ಸೇರಿ ೧೫ ಆಗುವ ಜೋಡಿಗಳು ೧-೫, ೨-೪ ಎರಡೇ. ಮೂಲೆಮನೆಯಾದರೋ ಮೂರು ಸಾಲುಗಳಿಗೆ ಸೇರಿದ್ದು. ಅಲ್ಲಿ ೯ಕ್ಕೆ ಎಡೆಯಿಲ್ಲ. ಅದನ್ನು ಬದಿಯ ನಡುವೆ ಇರಿಸಿ, ಇಕ್ಕೆಲಗಳಲ್ಲಿ ೨, ೪, ಎದುರಿಗೆ ೧ ಬರೆದರೆ ಮಿಕ್ಕವು ತಾವಾಗಿ ಕೂಡುತ್ತವೆ:

೨ ೯ ೪
೭ ೫ ೩
೬ ೧ ೮

ಹದಿನಾರು ಮನೆಗಳಾದರೆ ಮೊತ್ತ ೩೪. ಅಲ್ಲಿ ಬೇರೆ ಬೇರೆ ಚೌಕಗಳೇ ೮೮೦. ಖಜುರಾಹೋದ ಪಾರ್ಶ್ವನಾಥ ಬಸದಿಯಲ್ಲಿ ಕೆತ್ತಿರುವುದು ಅಂಥದೊಂದು. ಅದರ ಮೊದಲ ಸಾಲು ೭, ೧೨, ೧, ೧೪. ಉಳಿದ ಮೂರು ಸಾಲುಗಳನ್ನು ತುಂಬುವ ಕೆಲಸ ಓದುಗರದು.